ಅಡಿಗಿಮನಿಗೊಂದು ಕಿಡಕಿ

ಪರಪ್ಪ ಬಡಿಗೇರ ಮುಂಬಯಿಯಲ್ಲಿ ಕಟ್ಟಿದಷ್ಟು ಮನೆಗಳನ್ನು ದೊಡ್ಡ ದೊಡ್ಡ ಬಿಲ್ಡರುಗಳೂ ಕಟ್ಟಿರಲಿಕ್ಕಿಲ್ಲ. ಅರಮನೆ, ಕೋರ್ಟು, ಪೊಲೀಸ್ ಠಾಣೆ, ಗುಡಿ, ಒಮ್ಮೆ ಇಡೀ ಒಂದು ರೈಲ್ವೆ ಸ್ಟೇಷನ್ನು. ಅವುಗಳಲ್ಲಿ ಒಂದೂ ಈಗ ನಿಂತಿಲ್ಲ. ಅವನು ಕಟ್ಟುತ್ತಿದ್ದದ್ದು ಸಿನಿಮಾ, ಸೀರಿಯಲ್ಲುಗಳ ಸೆಟ್ಟು. ಶೂಟಿಂಗ್ ಮುಗಿಯುತ್ತಲೇ ಕಿತ್ತು ಟೆಂಪೋಕ್ಕೆ ತುಂಬುತ್ತಿದ್ದರು.

ಮುದ್ದೇಬಿಹಾಳದ ಕಡೆಯವನು. ಅಪ್ಪ ಊರಿಗೆಲ್ಲ ಕುಂಟೆ, ಕೂರಿಗೆ, ಬಾಗಿಲು, ತೊಟ್ಟಿಲು ಮಾಡಿಕೊಡುತ್ತಿದ್ದ. ಮೊಳೆಯಿಲ್ಲದೆ ಮರದೊಳಗೆ ಮರ ಕೂರಿಸುವ ಕೀಲನ್ನು ಮಗನಿಗೂ ಕಲಿಸಿದ್ದ. ಮೀಸೆ ಮೂಡುವ ವಯಸ್ಸಿಗೆ ಪರಪ್ಪ ಸೋದರಮಾವನ ಬೆನ್ನುಹತ್ತಿ ಬಂದು, ಬಾಂದ್ರಾದಲ್ಲಿ ಉಡುಪಿ ಹೋಟೆಲುಗಳಿಗೆ ಕುರ್ಚಿ, ಮೇಜು ಮಾಡುವ ಕಾರಖಾನೆ ಸೇರಿದ. ಅಲ್ಲಿಂದ ಯಾರೋ ಸೆಟ್ಟಿನ ಕೆಲಸಕ್ಕೆ ಕರೆದೊಯ್ದರು. ಮೊದಲ ದಿನ ಮಹಲಿನ ಬಾಗಿಲೊಂದಕ್ಕೆ ಉಳಿ ಹಿಡಿದು ಕೀಲು ಕೊರೆಯುತ್ತ ಕೂತಿದ್ದವನನ್ನು ನೋಡಿ ಹೆಡ್ ಮಿಸ್ತ್ರಿ ನಕ್ಕುಬಿಟ್ಟಿದ್ದ. ನಾಲ್ಕು ದಿನ ನಿಲ್ಲುವ ಮಹಲಿಗೆ ನೂರು ವರ್ಷದ ಕೀಲು ಯಾಕೋ, ಮೊಳೆ ಹೊಡಿ ಅಂದಿದ್ದ. ಪರಪ್ಪ ಹೊಡೆದ. ಆಮೇಲೆ ಬದುಕಿಡೀ ಮೊಳೆಯನ್ನೇ ಹೊಡೆದ. ಬೇಗ ಹೊಡೆಯುತ್ತಿದ್ದ, ಬೇಗ ಮೇಲೂ ಬಂದ. ತಾನೇ ಹೆಡ್ ಮಿಸ್ತ್ರಿಯಾದ, ತನ್ನದೇ ಆಳು ಕಟ್ಟಿಕೊಂಡು ಗುತ್ತಿಗೆ ಹಿಡಿಯತೊಡಗಿದ. ಬೆನ್ನೇ ಇಲ್ಲದ ಗೋಡೆಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು. ಈಗ ಅರವತ್ತು ದಾಟಿದೆ. ಪ್ಲೈವುಡ್ಡಿನ ಪುಡಿ ಎದೆಯಲ್ಲಿ ಕೂತು ಕೆಮ್ಮಾಗಿದೆ, ಬೆಳಿಗ್ಗೆ ಏಳುವಾಗಲೇ ದಿನ ಮುಗಿದಷ್ಟು ದಣಿವು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಪ್ರೊಡಕ್ಷನ್ ಮ್ಯಾನೇಜರ್ ಸುಹಾಸನ ಫೋನು ಬಂತು. ಧಾರವಾಡ ಮೂಲದವನು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ.

"ಕಾಕಾ, ಅಪನಾ ಸೀರಿಯಲ್ ಬಂದ್ ಆಗ್ತದೆ. ಶನಿವಾರ ತಕ್ ಫ್ಲೋರ್ ಖಾಲಿ ಮಾಡ್ಬೇಕು. ನೀವೇ ಒಡೀರಿ, ಸಾಮಾನು ಮುಂದಿನ ಸೆಟ್‌ಗೆ ಆಗ್ತದೆ."

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನೊಳಗೆ ಕಟ್ಟಿದ್ದ ಆ ಕೂಡುಕುಟುಂಬದ ಮನೆ ಏಳು ವರ್ಷ ನಿಂತಿತ್ತು. ಪರಪ್ಪನ ಕೈಯಿಂದ ಎದ್ದದ್ದರಲ್ಲಿ ಅಷ್ಟು ಕಾಲ ಬಾಳಿದ್ದು ಅದೊಂದೇ. ಸುದ್ದಿ ಕೇಳಿ ಹೆಂಡತಿ ಬಸಲಿಂಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಮಲಾಡಿನ ಚಾಳಿನ ಆ ಒಂದೂವರೆ ಖೋಲಿಯಲ್ಲಿ ಕೂತು ಅವಳು ಕಾಂದಿವಲಿಯ ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುತ್ತಿದ್ದಳು. ಸಂಜೆಯ ರೊಟ್ಟಿಯೆಲ್ಲ ಬೆಂದದ್ದು ಆ ಸೀರಿಯಲ್ಲಿನ ಮುಂದೆಯೇ.

"ಒಡ್ಯೂಕಿಂತ ಮೊದಲ ನನಗೊಮ್ಮೆ ತೋರಸ್ರಿ," ಅಂದಳು.

"ಅದ್ರಾಗ ನೋಡೂದೇನೈತಿ? ಬರೇ ಪ್ಲೈ."

"ಇರವಲ್ದ್ಯಾಕ. ನಿಮ್ಮ ಕೆಲಸ ನಾ ಕಣ್ಣಿಲೆ ನೋಡೇ ಇಲ್ಲ."

ಮರುದಿನ ರಿಕ್ಷಾದಲ್ಲಿ ಕರೆದುಕೊಂಡು ಹೋದ. ಬಸಲಿಂಗವ್ವ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ದೇವರ ಮನೆಯ ಮುಂದೆ ಕೈಮುಗಿದಳು. ಜಗುಲಿಯ ಕಂಬವನ್ನು ಬೆರಳಿನಿಂದ ತಟ್ಟಿ, ಪೊಳ್ಳು ಸದ್ದಿಗೆ ಕೈ ಹಿಂದೆಗೆದಳು. ಅಡುಗೆಮನೆಯಲ್ಲಿ ನಳ ತಿರುವಿದಳು, ನೀರು ಬರಲಿಲ್ಲ. ಒಲೆಯ ಪಕ್ಕ ಎರಡು ಕದದ ಅಗಲವಾದ ಕಿಟಕಿಯಿತ್ತು; ಆಚೆಗೆ ಬಟ್ಟೆಯ ಮೇಲೆ ಬರೆದ ಆಕಾಶ. ಅದನ್ನೊಮ್ಮೆ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಎಷ್ಟ ದೊಡ್ಡ ಕಿಡಕಿ ಇಟ್ಟೀರಿ."

"ಬೆಳಕು ಬೇಕಲ್ಲ. ಅಡಿಗಿ ಮಾಡಾಕಿ ಮಾರಿ ಕ್ಯಾಮರಾಕ್ಕ ಕಾಣಬೇಕು."

ಬಸಲಿಂಗವ್ವ ಕದದ ಅಂಚಿನ ಮೇಲೆ ಬೆರಳಾಡಿಸಿದಳು. "ನನ್ನ ಮಾರಿ ನೋಡಾವ್ರ ಯಾರೂ ಇಲ್ಲಂತ ನಮ್ಮನ್ಯಾಗ ಇಡಲಿಲ್ಲೇನ್ರಿ?"

ಸಿಟ್ಟಿನಿಂದ ಅಂದದ್ದಲ್ಲ. ಅವರ ಅಡುಗೆಯ ಮೂಲೆಗೆ ಕಿಟಕಿಯಿರಲಿಲ್ಲ. ಬೆಂಕಿಯ ಝಳ, ಹಿಟ್ಟಿನ ಧೂಳು, ಒಗ್ಗರಣೆಯ ಘಾಟು ಎಲ್ಲವೂ ಅವಳ ಎದೆಯೊಳಗೇ ಇಳಿಯಬೇಕು. ತನ್ನ ಕೆಮ್ಮಿನ ಸದ್ದಿನಲ್ಲಿ ಅವಳ ಕೆಮ್ಮು ಅವನಿಗೆ ಕೇಳಿಸಿಯೇ ಇರಲಿಲ್ಲ.

ಶನಿವಾರದೊಳಗೆ ಸೆಟ್ಟಿನ ಮನೆ ಒಡೆದಾಯಿತು. ಕಿಟಕಿಯನ್ನು ಮಾತ್ರ ಪರಪ್ಪ ಸುಹಾಸನನ್ನು ಕೇಳಿ ಚಾಳಿಗೆ ತಂದ. ಅಂಗಳದಲ್ಲಿಟ್ಟು ಬಣ್ಣ ಕೆರೆದರೆ ಒಳಗಿದ್ದದ್ದು ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ. ಅದನ್ನು ಮೊಳೆ ಹೊಡೆದು ಜೋಡಿಸಿದವನು ತಾನೇ, ಆದರೂ ಮರೆತಿದ್ದ. ಒಂದು ಮಳೆ ತಡೆಯುವಂಥದಲ್ಲ. ಅದನ್ನು ಗೋಡೆಗೆ ಒರಗಿಸಿಟ್ಟು ಜೋಗೇಶ್ವರಿಯ ಮರದ ಬಜಾರಕ್ಕೆ ಹೋಗಿ, ಯಾವುದೋ ಕೆಡವಿದ ಹಳೇ ಕಟ್ಟಡದ ಸಾಗವಾನಿ ತೊಲೆ ಹೊರಿಸಿಕೊಂಡು ಬಂದ.

ಉಳಿ ಹಿಡಿದ ಮೇಲೆ ತಿಳಿಯಿತು, ಕೈ ಮರೆತಿದೆ ಎಂದು. ಮೊದಲ ಚೌಕಟ್ಟಿನ ಕೀಲು ಸಡಿಲಾಯಿತು, ಮೂಲೆ ಕೂಡಲಿಲ್ಲ. ಮೊಳೆ ಹೊಡೆದರೆ ಕ್ಷಣದ ಕೆಲಸ. ಡಬ್ಬಿಯಿಂದ ಒಂದು ಮೊಳೆ ತೆಗೆದೂ ತೆಗೆದ, ಸುತ್ತಿಗೆಗೆ ಕೈಚಾಚಿದ. ಆಮೇಲೆ ಎರಡನ್ನೂ ಕೆಳಗಿಟ್ಟು ಗೋಡೆಗೊರಗಿ ಕೂತುಬಿಟ್ಟ. ಬೆನ್ನು ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಇಷ್ಟೊಂದು ದಣಿವು ಅರಮನೆ ಎತ್ತಿದಾಗಲೂ ಆಗಿರಲಿಲ್ಲ.

ಎದುರು ಮನೆಯ ಗಂಗುಬಾಯಿ ಬಟ್ಟೆ ಒಣಹಾಕುತ್ತ ಅಂದಳು, "ಪರಪ್ಪಣ್ಣ, ಬಜಾರದಾಗ ಅಲ್ಯುಮಿನಿಯಂದು ರೆಡಿ ಸಿಗ್ತಾವಲ್ಲೋ. ಗಾಜು ಸರಸಿದ್ರ ಮುಗೀತು."

"ಸಿಗ್ತಾವ ಅಕ್ಕಾ," ಅಂದ. ಎದ್ದು ಹೊಸ ತುಂಡಿಗೆ ಗೆರೆ ಎಳೆದ.

ಎರಡನೆಯದು ಹಿಡಿಯಿತು. ತಿದ್ದುತ್ತ ತಿದ್ದುತ್ತ ವಾರವೇ ಕಳೆಯಿತು. ನಡುವೆ ಹೊಸ ಸೆಟ್ಟಿಗೆ ಕರೆಯುತ್ತ ಸುಹಾಸ ಫೋನು ಮಾಡುತ್ತಲೇ ಇದ್ದ. ಗೌಂಡಿಯೊಬ್ಬ ಬಂದು ಓಣಿಯ ಕಡೆಯ ಗೋಡೆ ಕೊರೆದು ಚೌಕಟ್ಟು ಕೂರಿಸಿ, ಸಿಮೆಂಟು ಮೆತ್ತಿ ಹೋದ. ಪರಪ್ಪ ಕದಗಳನ್ನು ತೂಗುಹಾಕಿದ.

ಕಿಟಕಿಯಾಚೆಗೆ ಆಕಾಶವೇನೂ ಇರಲಿಲ್ಲ. ನೀರಿನ ಪೈಪುಗಳು, ಗಂಗುಬಾಯಿಯ ಒದ್ದೆ ಸೀರೆ, ಅದರ ಮೇಲೆ ಒಂದಿಷ್ಟು ಬಿಸಿಲು. ಬಸಲಿಂಗವ್ವ ಒಲೆಯ ಮೇಲೆ ಹಂಚು ಇಟ್ಟಳು. ಮೊದಲ ರೊಟ್ಟಿಯ ಹೊಗೆ ಒಂದು ಸುತ್ತು ತಿರುಗಿ, ದಾರಿ ತಿಳಿದು ಹೊರಗೆ ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೆಕ್ಕು ಬರತಾವ ಇನ್ನ," ಅಂದಳು. "ಹಾಲು ಮ್ಯಾಲ ಇಡಬೇಕು."

ಅಷ್ಟರಲ್ಲಿ ಸುಹಾಸನ ಫೋನು. "ಕಾಕಾ, ಆಸ್ಪತ್ರೆ ಸೆಟ್. ದೊಡ್ಡದು. ನಾಳೆ ಬರ್ತೀರಲ್ಲ?"

ಪರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಎರಡನೆಯ ರೊಟ್ಟಿ ತಿರುವಿಹಾಕುತ್ತಿದ್ದಳು.

"ಬರ್ತೀನಪಾ, ಬರದ ಏನ್ ಮಾಡ್ಲಿ," ಅಂದ. "ಆದ್ರ ನಾಳೆ ಬ್ಯಾಡ. ನಾಳೆ ಮಲಗಾಂವ ಅದೀನಿ."

ಫೋನಿಟ್ಟು, ಮೈಮೇಲಿನ ಮರದ ಹೊಟ್ಟನ್ನೂ ಕೊಡವದೆ ಬರಿನೆಲದ ಮೇಲೆ ಅಡ್ಡಾದ. ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ಹಗಲು ಹನ್ನೊಂದಕ್ಕೇ ಅವನಿಗೆ ನಿದ್ದೆ ಹತ್ತಿತು.