ಫ್ರಿಜ್ಜಿನ ಮೇಲಿನ ಎರಡು ಕ್ಯಾಲೆಂಡರ್

ಧನುರ್ಮಾಸ ಮುಗಿದ ಮೇಲಿನ ಮೊದಲ ಭಾನುವಾರ, ಎರಡು ಸಾವಿರದ ಹದಿನೇಳರ ಜನವರಿ ಹದಿನೈದು, ಸಂಜೆ ನಾಲ್ಕು ಹತ್ತರ ಮುಹೂರ್ತ. ಇದಕ್ಕಿಂತ ಒಳ್ಳೆಯ ದಿನ ಪಂಚಾಂಗದಲ್ಲಿ ಸಿಗುವುದಿಲ್ಲವೆಂದು ಡಲ್ಲಾಸ್ ಪಕ್ಕದ ಸೌತ್‌ಲೇಕಿನ ಅಣ್ಣಾಸಾಹೇಬರು ಮಗಳು ನಿಧಿಯ ನಿಶ್ಚಿತಾರ್ಥವನ್ನು ಅವತ್ತಿಗೇ ಗೊತ್ತು ಮಾಡಿದ್ದರು. ಗ್ರಹಗಳೆಲ್ಲ ಒಪ್ಪಿದ್ದವು. ಒಪ್ಪದೆ ಹೋದದ್ದು ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಮಾತ್ರ.

ಆ ವರ್ಷ ಕೌಬಾಯ್ಸ್ ಹದಿನಾರು ಪಂದ್ಯಗಳಲ್ಲಿ ಹದಿಮೂರು ಗೆದ್ದು ಊರಿಗೆ ಊರೇ ಹುಚ್ಚೆದ್ದಿತ್ತು. ಈಗ ಪ್ಲೇ-ಆಫ್ ಬಂದಿತ್ತು. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಿ ಮನೆಗೆ ಹೋಗಬೇಕಾದ ಪಂದ್ಯ. ಅದು ನಡೆಯುವುದು ಅರ್ಧ ಗಂಟೆ ದೂರದ ಆರ್ಲಿಂಗ್ಟನ್ನಿನಲ್ಲಿ, ಅದೇ ಭಾನುವಾರ, ಮೂರು ನಲವತ್ತಕ್ಕೆ. ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್. ಕುಂಟುತ್ತಾ ತೆವಳುತ್ತಾ ಇಲ್ಲಿಯವರೆಗೆ ಬಂದವರು, ಇವತ್ತು ಕೌಬಾಯ್ಸ್ ಕೈಯಲ್ಲಿ ಅವರ ಕಥೆ ಮುಗಿಯಿತು ಎಂದೇ ಡಲ್ಲಾಸಿನ ಜನ ಮಾತಾಡಿಕೊಳ್ಳುತ್ತಿದ್ದರು.

ಹೆಂಡತಿ ಸರೋಜಾ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅವರ ಫ್ರಿಜ್ಜಿನ ಮೇಲೆ ಎರಡು ಕ್ಯಾಲೆಂಡರ್ ಇರುತ್ತಿದ್ದವು. ಒಂದು ಹುಬ್ಬಳ್ಳಿಯಿಂದ ಬಂದದ್ದು, ತಿಥಿ ನಕ್ಷತ್ರ ಸಮೇತ. ಇನ್ನೊಂದು ಮನೆ ಮಾರಿಸುವ ಏಜೆಂಟರು ಪ್ರತಿ ಆಗಸ್ಟಿನಲ್ಲಿ ಅಂಚೆಯಲ್ಲಿ ಕಳಿಸುವ ಮ್ಯಾಗ್ನೆಟ್ಟಿನ ಪಟ್ಟಿ, ಅದರಲ್ಲಿ ಕೌಬಾಯ್ಸ್ ಪಂದ್ಯಗಳ ದಿನಾಂಕಗಳು. ಒಂದು ಅರಿಶಿನ ಕುಂಕುಮಕ್ಕೆ ಜನ ಕರೆಯಬೇಕಾದರೂ ಸರೋಜಾ ಎರಡನ್ನೂ ನೋಡಿಯೇ ದಿನ ಹೇಳುತ್ತಿದ್ದರು. "ಜನವರಿ ಭಾನುವಾರ ಮಾತ್ರ ಮುಟ್ಟಬ್ಯಾಡ್ರಿ. ನಮ್ಮ ಮಂದಿ ಟಿವಿ ಬಿಟ್ಟು ಏಳೂದಿಲ್ಲ" ಎಂದು ನಗುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಅಲ್ಲಿಂದ ಅಣ್ಣಾಸಾಹೇಬರು ಭಾನುವಾರ ಟಿವಿ ಹಾಕಿದ್ದೇ ಇಲ್ಲ. ಮುಹೂರ್ತ ನೋಡುವಾಗ ಒಂದೇ ಕ್ಯಾಲೆಂಡರ್ ನೋಡಿದರು.

ಮೂವತ್ತು ವರ್ಷದಿಂದ ಇಳಕಲ್ಲಿನ ಕಲ್ಲು ತರಿಸಿ ಡಲ್ಲಾಸಿನ ಅಡುಗೆಮನೆಗಳಿಗೆ ಕಟ್ಟೆ ಹಾಕಿಸಿಕೊಟ್ಟ ಮನುಷ್ಯ ಅವರು. ಊರ ತುಂಬ ಗುರುತಿತ್ತು. ಆದರೆ ಮನೆಗೆ ಜನ ಬರುತ್ತಿದ್ದದ್ದು ಸರೋಜಾಳ ಮಾತಿಗೆ ಮತ್ತು ಹೋಳಿಗೆಗೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದು ಆಸೆ ಇಟ್ಟುಕೊಂಡಿದ್ದರು. ಉಂಗುರ ಬದಲಾದ ಮೇಲೆ ಸಮಾರಂಭದ ಹಾಲಿನ ದೊಡ್ಡ ಪರದೆಯ ಮೇಲೆ ತಾಯಿ ಮಗಳ ನಲವತ್ತು ಫೋಟೋ ತೋರಿಸುವುದು. ಅವಳ ಕೈಯಲ್ಲಿ ಉಂಡವರೆಲ್ಲ ಅವತ್ತು ಅಲ್ಲಿರಬೇಕು, ಮಗಳಿಗೆ ತಾಯಿಯ ಕೊರತೆ ಕಾಣಬಾರದು. ಅವರ ಮಟ್ಟಿಗೆ ಇಡೀ ಸಮಾರಂಭ ಇದ್ದದ್ದೇ ಅದಕ್ಕೆ.

ಗುರುವಾರದಿಂದ ಫೋನು ಶುರುವಾಯಿತು. ಪ್ಲೇನೋದ ರಘೂತ್ತಮನಿಗೆ ಜ್ವರ. ಅರ್ವಿಂಗಿನ ಮೋಹನರಾಜನ ಮನೆಯಲ್ಲಿ ನಲ್ಲಿ ಒಡೆದು ನೆಲವೆಲ್ಲ ನೀರು. ಶುಕ್ರವಾರದ ಹೊತ್ತಿಗೆ ಡಲ್ಲಾಸಿನ ಅರ್ಧ ಕನ್ನಡಿಗರು ಹಾಸಿಗೆ ಹಿಡಿದಿದ್ದರು, ಉಳಿದರ್ಧದ ನಲ್ಲಿಗಳು ಒಡೆದಿದ್ದವು. ಎಲ್ಲರ ಜ್ವರವೂ ಸೋಮವಾರ ಇಳಿಯುವಂಥದ್ದು.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ ರೊಟ್ಟಿಯ ಗಂಟು ಹೊತ್ತು ಬಂದಿದ್ದ ಅಕ್ಕ ಶಿವಬಸವ್ವ ಕೇಳಿಯೇಬಿಟ್ಟಳು. "ಹಾಲಿನ್ಯಾಗ ಒಂದು ಟಿವಿ ಹಚ್ಚಿ ಬಿಡೋ ತಮ್ಮಾ. ಎಲ್ಲಾರೂ ಓಡಿ ಬರ್ತಾರ."

"ಬೀಗರ ಮುಂದ ಟಿವಿ ಹಚ್ಚಲೇನು? ಏನ್ ತಿಳ್ಕೋತಾರ ಅವರು?"

"ಹಂಗಾರ ಫೋನ್ ಮಾಡಿ ದಿನಾ ಮುಂದ ಹಾಕು."

"ಪತ್ರಿಕಿ ಹಂಚಿ ಆಗೇತಿ ಅಕ್ಕಾ. ಚೆಂಡಿನ ಆಟದ ಸಲುವಾಗಿ ಮುಹೂರ್ತ ಮುಂದ ಹಾಕ್ರಿ ಅಂತ ಯಾವ ಬಾಯಿಲೆ ಹೇಳ್ಲಿ?"

ಬೀಗರು ನಂಜುಂಡಸ್ವಾಮಿ ಮೈಸೂರಿನ ಕಡೆಯವರು, ಈಗ ಆಸ್ಟಿನ್ನಿನಲ್ಲಿ ಮಗ ನಿಶ್ಚಲನ ಜೊತೆ ಇದ್ದರು. ಒಂದು ಮಾತು ಸಾಕಾಗುವ ಕಡೆ ಅರ್ಧ ಮಾತಾಡುವವರು. ಅವರ ಮುಖದಲ್ಲಿ ಸಂತೋಷ ಯಾವುದು, ಬೇಸರ ಯಾವುದು ಎಂದು ಅಣ್ಣಾಸಾಹೇಬರಿಗೆ ಈವರೆಗೂ ತಿಳಿದಿರಲಿಲ್ಲ. ಫೋನಿಗೆ ಎರಡು ಸಲ ಕೈ ಹಾಕಿ, ಎರಡು ಸಲವೂ ಹಿಂದಕ್ಕೆ ತೆಗೆದರು.

ಭಾನುವಾರ ಹಾಲಿನಲ್ಲಿ ನೂರ ಎಂಬತ್ತು ಕುರ್ಚಿ. ಗಂಡಿನ ಕಡೆಯವರು ನಲವತ್ತೆರಡು ಜನ ಆಸ್ಟಿನ್ನಿನಿಂದ ಬೆಳಿಗ್ಗೆಯೇ ಹೊರಟು ಸರಿಯಾದ ಹೊತ್ತಿಗೆ ಬಂದಿದ್ದರು. ಹೆಣ್ಣಿನ ಕಡೆಯವರು ಫೋಟೋಗ್ರಾಫರನನ್ನೂ ಸೇರಿಸಿ ಇಪ್ಪತ್ತಮೂರು. ಅಣ್ಣಾಸಾಹೇಬರು ಬಾಗಿಲು ನೋಡುತ್ತ ನಿಂತರು. ನಂಜುಂಡಸ್ವಾಮಿ ಗಡಿಯಾರ ನೋಡುತ್ತ ಕೂತರು. ತಾಂಬೂಲದ ತಟ್ಟೆ ಬದಲಾಯಿಸುವಾಗ ಒಂದು ಸಲ, ಉಂಗುರ ತೊಡಿಸುವಾಗ ಇನ್ನೊಂದು ಸಲ, ಫೋಟೋಕ್ಕೆ ನಿಂತಾಗ ಮತ್ತೂ ಒಂದು ಸಲ ಅವರು ವಾಚಿನತ್ತ ಕಣ್ಣು ಹಾಯಿಸಿದ್ದು ಅಣ್ಣಾಸಾಹೇಬರ ಎದೆಗೆ ಚುಚ್ಚಿತು. ಖಾಲಿ ಕುರ್ಚಿಗಳ ನಡುವೆ ಮಗನ ನಿಶ್ಚಯ ಆಯಿತಲ್ಲ ಎಂದು ಬೀಗರಿಗೆ ನೊಂದಿರಬೇಕು. ಯಾವಾಗ ಎದ್ದು ಹೋದೇನು ಎಂದು ಕಾಯುತ್ತಿದ್ದಾರೆ.

ಫೋಟೋ ತೋರಿಸುವ ಹೊತ್ತಾಯಿತು. ಇಷ್ಟು ಜನರ ಮುಂದೆ ಹೇಗೆ ತೋರಿಸುವುದು? ಮೊದಲು ಬೀಗರ ಕ್ಷಮೆ ಕೇಳಿಬಿಡೋಣ ಎಂದು ತಿರುಗಿ ನೋಡಿದರೆ ನಂಜುಂಡಸ್ವಾಮಿಯವರ ಕುರ್ಚಿಯೂ ಖಾಲಿ.

"ಇವ್ರು ಆಗ್ಲೇ ಅಡುಗೆಮನೆ ಕಡೆ ಹೋದ್ರು. ನೀರು ಬೇಕಿತ್ತೇನೋ" ಎಂದರು ಅವರ ಹೆಂಡತಿ ಕೋಕಿಲಾ, ಸ್ವಲ್ಪ ಗಾಬರಿಯಲ್ಲಿ.

ಅಣ್ಣಾಸಾಹೇಬರು ಅತ್ತ ಧಾವಿಸಿದರು. ಅಡುಗೆಮನೆಯ ಬಾಗಿಲು ತಳ್ಳಿದರು. ಒಳಗೆ ಗದಗಿನ ಅಡುಗೆ ಹಾಲಪ್ಪ ಸೌಟು ಹಿಡಿದು ಕಣ್ಣೀರು ಹಾಕುತ್ತಿದ್ದ. ಸಾರಿನ ಪಾತ್ರೆಗೆ ಅವನ ಫೋನು ಒರಗಿಸಿತ್ತು, ಅದರಲ್ಲಿ ಮ್ಯಾಚ್ ನಡೆದಿತ್ತು. ಅದರ ಮುಂದೆ ರೇಷ್ಮೆ ಪಂಚೆ, ಜರಿ ಶಲ್ಯದಲ್ಲಿ ಬೀಗರು ಬಾಗಿ ನಿಂತಿದ್ದರು. ಜುಬ್ಬಾದ ಜೇಬಿನಿಂದ ಹಸಿರು ಹಳದಿ ಉಣ್ಣೆಯ ಟೋಪಿಯೊಂದು ಇಣುಕುತ್ತಿತ್ತು.

"ಅವರದು ಇಪ್ಪತ್ತೊಂದು, ನಮ್ಮದು ಬರೇ ಮೂರ್ರೀ ಸಾಹೇಬ್ರ" ಎಂದ ಹಾಲಪ್ಪ ಮೂಗು ಏರಿಸುತ್ತ. "ಆ ಹಳ್ಳಿ ಮಂದಿ ನಮ್ಮನ್ನ ಹಿಂಡಾಕತ್ತಾರ."

ನಂಜುಂಡಸ್ವಾಮಿ ತುಡುಗು ಮಾಡಿ ಸಿಕ್ಕಿಬಿದ್ದವರಂತೆ ನೆಟ್ಟಗಾದರು. "ಕ್ಷಮಿಸ್ಬೇಕು ಅಣ್ಣಾಸಾಹೇಬ್ರೇ. ಐದೇ ನಿಮಿಷ ಅಂತ ಬಂದೆ. ತಪ್ಪಾಯ್ತು."

"ನೀವು... ಗ್ರೀನ್ ಬೇ ಕಡೆ ಏನ್ರೀ?" ಅಣ್ಣಾಸಾಹೇಬರು ಟೋಪಿಯ ಬಣ್ಣ ನೋಡುತ್ತ ಕೇಳಿದರು.

ಆಗ ಆ ಮನುಷ್ಯ ತಮ್ಮ ಜೀವಮಾನದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿದರು. "ಅದೇ ಊರಲ್ಲಿ ಇಪ್ಪತ್ತೆರಡು ವರ್ಷ ಇದ್ವಿ. ಪೇಪರ್ ಮಿಲ್ಲಲ್ಲಿ ಕೆಲಸ. ನಿಶ್ಚಲ್ ಹುಟ್ಟಿದ ಭಾನುವಾರ ಮೊಳಕಾಲುದ್ದ ಹಿಮ, ಕಾರು ಹೊರಗೆ ತೆಗೆಯೋಕಾಗ್ತಿಲ್ಲ, ಇವಳಿಗೆ ನೋವು. ಪಕ್ಕದ ಮನೆಯವರು ಮ್ಯಾಚು ಅರ್ಧಕ್ಕೆ ಬಿಟ್ಟು ಬಂದು, ಹಿಮ ತೆಗೆದು, ತಮ್ಮ ಟ್ರಕ್ಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಈ ಟೋಪಿ ಅವತ್ತು ಅವರೇ ನನ್ನ ತಲೆಗೆ ಹಾಕಿದ್ದು. ಆ ಊರಿನ ಋಣ ನನ್ನ ಮೇಲಿದೆ. ಅವತ್ತಿಂದ ಒಂದು ಮ್ಯಾಚೂ ಬಿಟ್ಟಿಲ್ಲ."

"ಮತ್ತ ನವೆಂಬರಿನ್ಯಾಗ ದಿನಾ ಹೇಳಿದಾಗ ಯಾಕ ಸುಮ್ಮನಿದ್ರಿ?"

"ಆಗ ನಾಲ್ಕು ಗೆದ್ದು ಆರು ಸೋತಿದ್ರು. ಇವರು ಜನವರಿವರೆಗೂ ಉಳೀತಾರೆ ಅಂತ ನಾನೇ ನಂಬಲಿಲ್ಲ, ನೋಡಿ. ಆಮೇಲೆ ಒಂದಾದ ಮೇಲೊಂದು ಏಳು ಗೆದ್ದುಬಿಟ್ರು! ಅಷ್ಟೊತ್ತಿಗೆ ಪತ್ರಿಕೆ ಹಂಚಿದ್ರಿ. ಬೀಗರ ಹತ್ರ ಹೇಗೆ ಹೇಳೋದು ಅಂತ..."

"ಹಂಗಾರ ವಾಚ್ ನೋಡತಿದ್ದದ್ದು ಇದಕ್ಕ? ನಾನು ಖಾಲಿ ಕುರ್ಚಿ ಕಂಡು ಸಿಟ್ಟಾಗೀರಿ ಅಂತ ಮಾಡಿದ್ನಿ!"

"ಕುರ್ಚಿ? ಯಾವ ಕುರ್ಚಿ?" ಎಂದರು ನಂಜುಂಡಸ್ವಾಮಿ.

ಅಣ್ಣಾಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಎರಡು ವರ್ಷದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಇಬ್ಬರು ದೊಡ್ಡ ಮನುಷ್ಯರು ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯುತ್ತ ಇಷ್ಟು ದಿನ ನಿದ್ದೆಗೆಟ್ಟಿದ್ದರಲ್ಲ! ಅವರು ಬೀಗರ ಕೈ ಹಿಡಿದು ಹಾಲಿಗೆ ಎಳೆದುಕೊಂಡೇ ಹೋದರು. ಅಳಿಯನಾಗುವವನನ್ನು ಕರೆದರು. "ನಿಶ್ಚಲ್, ಆ ಪರದೆ ಮ್ಯಾಲೆ ಮ್ಯಾಚ್ ಹಚ್ಚಪಾ."

"ಅಪ್ಪಾ, ಆರ್ ಯು ಶ್ಯೂರ್? ಅಮ್ಮನ ಫೋಟೋಸ್?" ಎಂದಳು ನಿಧಿ.

"ಇವತ್ತು ನಿಮ್ಮವ್ವ ಇದ್ದಿದ್ರ ಮೊದಲು ಮ್ಯಾಚೇ ಹಚ್ಚತಿದ್ದಳು."

ಆಮೇಲೆ ಅವರು ಜೇಬಿನಿಂದ ಫೋನು ತೆಗೆದು ವಾಟ್ಸ್ಯಾಪ್ ಗುಂಪಿಗೆ ಬರೆದರು: ದೊಡ್ಡ ಪರದೆ ಮೇಲೆ ಮ್ಯಾಚ್ ಹಚ್ಚೇವಿ. ಹೋಳಿಗಿ ಬಿಸಿ ಐತಿ. ಜ್ವರ ಇದ್ದವರೂ ಬರ್ರಿ.

ಮುಕ್ಕಾಲು ಗಂಟೆಯೊಳಗೆ ಡಲ್ಲಾಸಿನ ಸಾಂಕ್ರಾಮಿಕ ರೋಗ ಗುಣವಾಯಿತು. ರಘೂತ್ತಮ ನೀಲಿ ಜೆರ್ಸಿಯ ಮೇಲೆ ಜರಿ ಶಲ್ಯ ಹೊದ್ದು ಬಂದ. ಮೋಹನರಾಜನ ನಲ್ಲಿ ತಾನಾಗಿಯೇ ಕೂಡಿಕೊಂಡಿತ್ತು. ಹೆಂಗಸರು ಇಳಕಲ್ ಸೀರೆಯ ಮೇಲೆ ಕೌಬಾಯ್ಸ್ ಟೋಪಿ ಹಾಕಿ ಬಂದರು. ಬಂದವರೆಲ್ಲ ಮೊದಲು ಅಣ್ಣಾಸಾಹೇಬರ ಕೈ ಹಿಡಿದು ತಲೆ ತಗ್ಗಿಸಿದರು. ಅವರು ಒಬ್ಬರನ್ನೂ ಬೈಯಲಿಲ್ಲ. ಕುರ್ಚಿ ಸಾಲದೆ ಹುಡುಗರು ನೆಲದ ಮೇಲೆ ಕೂತರು.

ಪರದೆಯ ಮೇಲೆ ಕೌಬಾಯ್ಸ್ ಮೆಲ್ಲಮೆಲ್ಲಗೆ ಅಂಕ ಕೂಡಿಸುತ್ತ ಬಂದು ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು ಮಾಡಿದರು. ಇಡೀ ಹಾಲೇ ಕುಣಿಯಿತು. ಪ್ಯಾಕರ್ಸ್ ಮೂರು ಕೂಡಿಸಿದರು, ಕೌಬಾಯ್ಸೂ ಮೂರು ಕೂಡಿಸಿದರು. ಮೂವತ್ತೊಂದಕ್ಕೆ ಮೂವತ್ತೊಂದು, ಉಳಿದದ್ದು ಅರ್ಧ ನಿಮಿಷ. ನಂಜುಂಡಸ್ವಾಮಿ ಹಿಂದಿನ ಸಾಲಿನಲ್ಲಿ ಒಬ್ಬರೇ ಉಣ್ಣೆಯ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. ಆಸ್ಟಿನ್ನಿನ ನೆಂಟರೂ ಡಲ್ಲಾಸಿನ ಕಡೆಯೇ ಕೂಗುತ್ತಿದ್ದರು. ಅಣ್ಣಾಸಾಹೇಬರು ಎದ್ದು ಹೋಗಿ ಬೀಗರ ಪಕ್ಕ ಕೂತರು.

ಹನ್ನೆರಡು ಸೆಕೆಂಡು ಇರುವಾಗ ಪ್ಯಾಕರ್ಸಿನವನು ಓಡುತ್ತಲೇ ಚೆಂಡನ್ನು ಬಲು ದೂರ ಎಸೆದ. ಗೆರೆಯಂಚಿನಲ್ಲಿ ಇನ್ನೊಬ್ಬ ಕಾಲ್ಬೆರಳ ತುದಿಯಲ್ಲಿ ನಿಂತು ಹಿಡಿದ. ಮೂರು ಸೆಕೆಂಡು ಉಳಿಯಿತು. ಐವತ್ತೊಂದು ಗಜ ದೂರದಿಂದ ಒದ್ದ ಚೆಂಡು ಎರಡು ಕಂಬಗಳ ನಡುವೆ ಹಾದು ಹೋಯಿತು. ಯಾರೂ ಲೆಕ್ಕಕ್ಕಿಡದ ತಂಡ ಡಲ್ಲಾಸಿನ ಅಂಗಳದಲ್ಲೇ ಡಲ್ಲಾಸನ್ನು ಸೋಲಿಸಿತ್ತು.

ಹಾಲಿನಲ್ಲಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತರು. ನಂಜುಂಡಸ್ವಾಮಿ ಕೂಗಲಿಲ್ಲ, ಕೈ ತಟ್ಟಲಿಲ್ಲ. ಬೀಗರ ಊರು ಸೋತಿದೆ, ಹೇಗೆ ಕುಣಿಯುವುದು? ಅವರ ಕೆನ್ನೆಯ ಮೇಲೆ ಮಾತ್ರ ನೀರು ಇಳಿಯುತ್ತಿತ್ತು. ಮೂವತ್ತು ವರ್ಷದ ಡಲ್ಲಾಸ್ ಮನುಷ್ಯ ಅಣ್ಣಾಸಾಹೇಬರು ಆ ಟೋಪಿಯನ್ನು ತೆಗೆದು ಬೀಗರ ತಲೆಗೆ ತೊಡಿಸಿ, ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು. "ಕುಣೀರಿ ಬೀಗರ! ಗೆದ್ದಾಗ ಕುಣೀಬೇಕು!"

ಸೋತವರು ಒಬ್ಬೊಬ್ಬರಾಗಿ ಕಾರಿನ ಕೀಲಿ ತಡಕತೊಡಗಿದರು. ಅಣ್ಣಾಸಾಹೇಬರು ಪರದೆಯತ್ತ ನೋಡಿದರು. ಇನ್ನೂ ಒಂದು ಫೋಟೋವನ್ನೂ ತೋರಿಸಿರಲಿಲ್ಲ. ಅವರ ಕಣ್ಣು ಹೋದ ಕಡೆ ನಂಜುಂಡಸ್ವಾಮಿಯ ಕಣ್ಣೂ ಹೋಯಿತು. ಅರ್ಧ ಮಾತಿನ ಆ ಮನುಷ್ಯ ತಲೆಯ ಟೋಪಿ ಸಮೇತ ಹಾಲಪ್ಪನ ಕೈಯಿಂದ ಹೋಳಿಗೆಯ ತಟ್ಟೆ ಕಸಿದುಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಯಾರೂ ಹೋಗ್ಬೇಡಿ. ಗೆದ್ದೋರು ನಾವು, ಬಡಿಸೋರೂ ನಾವೇ. ಕೂತ್ಕೊಳ್ಳಿ. ಮೊದಲು ನಮ್ಮ ಬೀಗಿತ್ತಿಯವರನ್ನ ನೋಡೋಣ. ನಾನಿನ್ನೂ ಅವರನ್ನ ನೋಡಿಲ್ಲ."

ರಘೂತ್ತಮ ಮೊದಲು ಕೂತ. ಆಮೇಲೆ ಎಲ್ಲರೂ ಕೂತರು. ನಿಧಿ ದೀಪ ಆರಿಸಿದಳು. ಮೊದಲ ಫೋಟೋದಲ್ಲಿ ಸರೋಜಾ ಫ್ರಿಜ್ಜಿನ ಮುಂದೆ ನಿಂತಿದ್ದರು. ಸೊಂಟದ ಮೇಲೆ ಎರಡು ವರ್ಷದ ನಿಧಿ, ತಲೆಯ ಮೇಲೆ ಕೌಬಾಯ್ಸಿನ ನೀಲಿ ನಕ್ಷತ್ರದ ಟೋಪಿ, ಹಿಂದೆ ಅಕ್ಕಪಕ್ಕ ಎರಡು ಕ್ಯಾಲೆಂಡರ್.

ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ಸೋಲಿನ ದುಃಖವೇನೂ ಅಲ್ಲ ಅದು. ನಂಜುಂಡಸ್ವಾಮಿ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಮದುವೆ ದಿನ ನೋಡೋವಾಗ ಎರಡೂ ಕ್ಯಾಲೆಂಡರ್ ತನ್ನಿ, ಸ್ವಾಮಿ" ಎಂದರು.

"ತರ್ತೀನ್ರೀ" ಎಂದರು ಅಣ್ಣಾಸಾಹೇಬರು. ನೂರ ಎಂಬತ್ತು ಕುರ್ಚಿಗಳೂ ತುಂಬಿದ್ದವು. ತಮ್ಮನ್ನು ಸೋಲಿಸಿದ ಆ ದೂರದ ಹಿಮದೂರಿಗೆ ಅವರು ಕತ್ತಲಲ್ಲೇ ಕೈ ಮುಗಿದರು.