ಗೆರೆ ಕದಲದ ಕೊಳ

ಅಕ್ಟೋಬರ್ ಬಿಸಿಲಿನಲ್ಲಿ, ಮಳೆಗೆ ಇನ್ನೂ ಎರಡು ತಿಂಗಳಿರುವಾಗ, ಪಿಲ್ಬರಾ ಸೀಮೆಯ ಯಾವ ಕೊಳವೂ ತುಂಬಿ ನಿಂತಿರುವುದಿಲ್ಲ. ಡೆಲ್ಮಾಳಿಗೆ ಇದು ನಡೆಯಲು ಕಲಿತಾಗಿನಿಂದ ಗೊತ್ತು. ಆದರೂ ಗಣಿಯ ಪರಿಸರ ಅಧಿಕಾರಿ ಲಾಕ್ಲನ್ ತನ್ನ ಟ್ಯಾಬ್ಲೆಟ್ಟನ್ನು ಅವಳ ಮೂಗಿನ ಮುಂದೆ ಹಿಡಿದು ಹಲ್ಲು ಕಿರಿದ.

"ನೋಡಿ ಡೆಲ್ಮಾ, ಒಂಬತ್ತು ತಿಂಗಳಿಂದ ಒಂದು ಬೆರಳೂ ಇಳಿದಿಲ್ಲ. ಎಂಥಾ ಆರೋಗ್ಯ ನಿಮ್ಮ ಕೊಳಕ್ಕೆ!"

ಪರದೆಯ ಮೇಲೆ ನೀಲಿ ಗೆರೆ ನೆಟ್ಟಗೆ ಮಲಗಿತ್ತು. ಗುಡ್ಡದಾಚೆ ಕಬ್ಬಿಣದ ಅದಿರಿನ ಗುಂಡಿ. ಅದರೊಳಗೆ ನೀರು ನುಗ್ಗಬಾರದೆಂದು ಸುತ್ತಲಿನ ನೆಲದಡಿಯ ನೀರನ್ನೆಲ್ಲ ಪಂಪುಗಳು ಎತ್ತಿ ಹಾಕುತ್ತವೆ. ಲಾರಿಗೊಂದು ಸೆನ್ಸರ್, ಪಂಪಿಗೊಂದು, ಧೂಳಿಗೊಂದು, ಈ ಕೊಳದ ಬುಡಕ್ಕೊಂದು. ಎಲ್ಲವೂ ದೂರದ ಪರ್ತ್ ನಗರದ ತಂಪು ಕೋಣೆಯಲ್ಲಿ ಕೂತವರಿಗೆ ಚಾಡಿ ಹೇಳುತ್ತಿರುತ್ತವೆ. ಡೀಸೆಲ್ ಕಡಿಮೆ, ಅದಿರು ಜಾಸ್ತಿ, ನೆಲಕ್ಕೆ ನೋವಿಲ್ಲ ಎಂದು ಹೋದ ವರ್ಷ ಗಣಿಗೆ ಪ್ರಶಸ್ತಿ ಬೇರೆ ಬಂತು. ಈಗ ಗುಂಡಿ ಇನ್ನೂ ಅರವತ್ತು ಮೀಟರ್ ಕೆಳಗಿಳಿಯಬೇಕಂತೆ. ಅದಕ್ಕೆ, ಕೊಳ ಚೆನ್ನಾಗಿದೆ ಎಂದು ಆ ನೆಲದ ಮೂಲನಿವಾಸಿ ಜನರ ಪರವಾಗಿ ಕೊಳದ ಕಾವಲುಗಾರ್ತಿಯಾದ ಡೆಲ್ಮಾ ಸಹಿ ಹಾಕಬೇಕು. ಎರಡು ಸಲ ಹಾಕಿದ್ದಾಗಿತ್ತು. ಇದು ಮೂರನೆಯದು, ಕೊನೆಯದು.

ಈ ಸಲ ಮೇವಿಸ್ ಚಿಕ್ಕಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಜೀಪು ಹತ್ತಿದ್ದಳು. ಎಂಬತ್ತರ ಮುದುಕಿ, ನಾಲಿಗೆ ಮಾತ್ರ ಇಪ್ಪತ್ತರದು. ದಡದಲ್ಲಿ ಕುರ್ಚಿ ಹಾಕಿ ಕೂರಿಸಿದ್ದೇ ತಡ, ಶುರುವಾಯಿತು.

"ಏನೇ, ಕೊಳಾನ ಮಾತಾಡಿಸಿದ್ಯಾ?"

"ಕೂಗಿದೆನಲ್ಲ ಚಿಕ್ಕಮ್ಮಾ, ನಾವು ಬಂದಿದೀವಿ ಅಂತ."

"ಕೂಗಿದ್ರೆ ಆಗೋಯ್ತಾ? ಬಾಯಿ ತುಂಬ ನೀರು ತಗೊಂಡು ಮತ್ತೆ ಕೊಳಕ್ಕೇ ಚಿಮ್ಮಿಸಬೇಕು. ನಿನ್ನ ಎಂಜಲು ಬೀಳದೆ ಅದು ನಿನ್ನ ಹೆಂಗೆ ಗುರುತು ಹಿಡಿಯುತ್ತೆ?"

"ಗಣಿಯೋರ ನಿಯಮ ಇದೆ. ಪರೀಕ್ಷೆ ಮಾಡದ ನೀರು ಬಾಯಿಗೆ ಹಾಕೋ ಹಾಗಿಲ್ಲ."

"ಓಹೋ! ನಿಮ್ಮಜ್ಜಿ ಕೊಳಕ್ಕೆ ಅವರದ್ದು ನಿಯಮ! ಎಷ್ಟು ದಿನದಿಂದ ನಡೀತಿದೆ ಈ ವೈಭೋಗ?"

ಒಂಬತ್ತು ತಿಂಗಳಿಂದ. ಡೆಲ್ಮಾ ಮಂಡಿಯೂರಿ ಕುಳಿತು, ಬೊಗಸೆ ತುಂಬಿ, ಬಾಯಿಗೆ ಹಾಕಿಕೊಂಡಳು.

ಥೂ! ಚಿಮ್ಮಿಸುವುದೆಲ್ಲಿ ಬಂತು, ಓಕರಿಸಿಕೊಂಡು ಮರಳಿನ ಮೇಲೆ ಉಗಿದಳು. ಹಿಂದೆಲ್ಲ ಈ ಕೊಳದ ನೀರಿಗೆ ಬಂಡೆಯ ತಂಪಿತ್ತು, ನೆನೆದ ಎಲೆಯ ಒಗರಿತ್ತು. ಇದು ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ನೀರು, ಹಿಂದಿನಿಂದ ಡೀಸೆಲ್ಲಿನ ಕಮಟು. ಬೆಳಿಗ್ಗೆಯ ಚಹಾ, ರೊಟ್ಟಿ ಎಲ್ಲ ಹೊರಗೆ ಬಂತು.

ಮುಖ ಒರೆಸಿಕೊಂಡು ಅವಳು ನೇರ ಸೆನ್ಸರ್ ಕಂಬದತ್ತ ನೀರಿಗಿಳಿದಳು. ಜೊಂಡನ್ನು ಸರಿಸಿದಳು. ಕಂಬಕ್ಕೆ ಮೊಳ ದೂರದಲ್ಲಿ ಕಪ್ಪು ಕೊಳವೆಯೊಂದು ಬಾಯಿ ತೆರೆದುಕೊಂಡು ಗುಳುಗುಳು ಕಾರುತ್ತಿತ್ತು. ಉಳಿದದ್ದನ್ನು ಮರಳಿನಡಿ ಅಂದವಾಗಿ ಹೂತಿದ್ದರು.

"ಅದು ಪೂರಕ ನೀರು ಅಷ್ಟೆ," ಎಂದ ಲಾಕ್ಲನ್, ಸ್ವಲ್ಪವೂ ನಾಚದೆ. "ಗುಂಡಿಯಿಂದ ಎತ್ತಿದ್ದನ್ನೇ ವಾಪಸ್ ಕೊಡ್ತಿದೀವಿ. ಎಷ್ಟು ಇಳಿಯುತ್ತೋ ಸೆನ್ಸರ್ ಹೇಳುತ್ತೆ, ಅಷ್ಟೇ ಬಿಡ್ತೀವಿ, ಒಂದು ಹನಿ ದಂಡ ಇಲ್ಲ. ವರದಿಯ ಇನ್ನೂರ ಹದಿನಾಲ್ಕನೇ ಪುಟದಲ್ಲಿದೆ. ನೀವೇ ಸಹಿ ಹಾಕಿದೀರಲ್ಲ!"

ಡೆಲ್ಮಾಳಿಗೆ ಅವನ ಮೇಲೆ ಬಂದ ಅಸಹ್ಯಕ್ಕಿಂತ ಹೆಚ್ಚಿನದು ತನ್ನ ಮೇಲೇ ಬಂತು. ಇನ್ನೂರ ಹದಿನಾಲ್ಕನೇ ಪುಟ ಓದದಿದ್ದರೆ ಹೋಗಲಿ, ಒಂದು ಬೊಗಸೆ ನೀರು ಬಾಯಿಗೆ ಹಾಕಿದ್ದರೆ ಸಾಕಿತ್ತು. ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ತುಂಬಿ ಅವನತ್ತ ಚಾಚಿದಳು.

"ತಗೋ, ಕುಡಿ."

"ಅಯ್ಯೋ, ಪರೀಕ್ಷೆ ಆಗದೆ ಹೆಂಗೆ..."

"ಥೂ ನಿನ್ನ!"

ಅವಳು ಮುಚ್ಚಳದ ನೀರನ್ನು ಅವನ ಬೂಟಿನ ಮೇಲೆ ಸುರಿದು, ಹೂತಿದ್ದ ಕೊಳವೆಯ ಜಾಡು ಹಿಡಿದು ದಡ ಹತ್ತಿದಳು. ಪೊದೆಯ ಹಿಂದೆ ವಾಲ್ವ್ ಸಿಕ್ಕಿತು. ಬಿಗಿಯಾಗಿ ತಿರುಗಿಸಿ ಮುಚ್ಚಿದಳು, ಅದರ ಹಿಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಚಿಕ್ಕಮ್ಮನ ಪಕ್ಕ ಬಂದು ಕೂತಳು.

ಒಂದು ಗಂಟೆಯಲ್ಲಿ ನೀರು ಗೇಣುದ್ದ ಇಳಿಯಿತು. ಅಡಿಯ ನೆಲವೆಲ್ಲ ಬತ್ತಿತ್ತು, ಸೋರದೆ ಏನು ಮಾಡೀತು? ಪರ್ತ್‌ನಿಂದ ಫೋನ್ ಬಂತು. ಕೊಳಕ್ಕೆ ಏನಾಯಿತೆಂದು ಕೇಳುವವರು ಯಾರು? "ಸೆನ್ಸರ್ ಕೆಟ್ಟೋಯ್ತಾ?" ಎಂದರು. ಲಾಕ್ಲನ್ ಬೆವರುತ್ತ ಅವಳ ಮುಂದೆ ಕೈಯೊಡ್ಡಿ ನಿಂತ.

"ಹಿಡಿ ಕೊಡಿ ಡೆಲ್ಮಾ, ನಿಮ್ಮ ದಮ್ಮಯ್ಯ."

"ಈ ಕೊಳವೆ ಎಷ್ಟು ವರ್ಷ ನಡೆಸ್ತೀರಿ?"

"ಗಣಿ ಮುಚ್ಚೋವರೆಗೆ."

"ಆಮೇಲೆ?"

ಅವನು ಟ್ಯಾಬ್ಲೆಟ್ ಮುಟ್ಟಿ ಮುಟ್ಟಿ ಹುಡುಕಿದ. ಅದು ಯಾವ ಪುಟದಲ್ಲೂ ಇರಲಿಲ್ಲ. ಡೆಲ್ಮಾ ಸಹಿಯ ಕಾಗದವನ್ನು ಖಾಲಿಯಾಗಿಯೇ ಮಡಚಿ ಅವನ ಕೈಗಿಟ್ಟಳು. "ಇದು ನಿಂಗೆ. ಹಿಡಿ ಕೊಡಲ್ಲ."

ಅಷ್ಟರಲ್ಲಿ ಚಿಕ್ಕಮ್ಮ ಅವಳ ತೋಳು ಹಿಡಿದಳು. ಜೊಂಡಿನ ಬುಡದಲ್ಲಿ ಕೆಸರು ಹೊರಬಿದ್ದಿತ್ತು. ಬೆರಳುದ್ದದ ಮೀನುಗಳು ಅದರಲ್ಲಿ ಅಡ್ಡ ಬಿದ್ದು ಬಾಯಿ ಬಾಯಿ ಬಿಡುತ್ತಿದ್ದವು.

"ತೆರೆಯೇ," ಎಂದಳು ಮುದುಕಿ. ದನಿಯಲ್ಲಿ ತಮಾಷೆ ಇರಲಿಲ್ಲ.

"ಆ ಹೊಲಸನ್ನ ನನ್ನ ಕೈಯಾರೆ ಬಿಡಲಾ ಚಿಕ್ಕಮ್ಮಾ?"

"ಇನ್ಯಾರು ಬಿಡಬೇಕು? ಸಹಿ ಹಾಕಿದ ಕೈ ಯಾರದು? ಅವುಗಳಿಗೇನು ಗೊತ್ತು ಪಾಪ, ಯಾರ ನೀರು ಅಂತ. ಹೋಗು."

ಡೆಲ್ಮಾ ಹೋಗಿ ಹಿಡಿ ಸಿಕ್ಕಿಸಿ ತಿರುಗಿಸಿದಳು. ಕೊಳವೆ ಕೆಮ್ಮಿ, ಉಗುಳಿ, ಗುಳುಗುಳು ಎಂದಿತು. "ಸರಿಹೋಯ್ತು ಸರ್, ಗೆರೆ ಏರ್ತಿದೆ!" ಎಂದು ಲಾಕ್ಲನ್ ಫೋನಿಗೆ ಹೇಳುತ್ತಿದ್ದ. ಮೀನುಗಳೆಲ್ಲ ಒಂದೊಂದಾಗಿ ಬಂದು ಕೊಳವೆಯ ಬಾಯಿಗೆ ಮುತ್ತಿಕೊಂಡವು. ಡೆಲ್ಮಾ ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಣ ಮರಳು ತೆಗೆದುಕೊಂಡು ಬಲಗೈಯನ್ನು ತಿಕ್ಕುತ್ತಲೇ ಇದ್ದಳು.