ಲೆನ್ಸ್ ಒರೆಸುವ ಹೊತ್ತು

ಲೆನ್ಸಿನ ಅಂಚಿನಲ್ಲಿ ಬೂದು ಎಳೆಯೊಂದು, ಕೂದಲೋ ಬೂಷ್ಟೋ, ಬೆಳಕಿಗೆ ಹಿಡಿದರೆ ಕಾಣುತ್ತದೆ, ತುಸು ವಾಲಿಸಿದರೆ ಇಲ್ಲ, ಗೋಣಿಬೀಡಿನ ಥಂಡಿಯಲ್ಲಿ ಬ್ಯಾಗಿನೊಳಗೇ ಬಿಟ್ಟರೆ ಗಾಜಿಗೂ ಬೂಷ್ಟು ಹಿಡಿಯುತ್ತದೆ ಎಂದು ಊರಿಗೆಲ್ಲ ಹೇಳುವ ಸುಕನ್ಯಾ ಈ ಸಲ ತಾನೇ ನಾಲ್ಕು ದಿನ ಕ್ಯಾಮರಾ ಮುಟ್ಟಿರಲಿಲ್ಲ — ಮೊದಲು ಧೂಳು ಊದಬೇಕು, ಆಮೇಲೆ ಬ್ರಶ್ಶು, ಆಮೇಲೆ ಬಟ್ಟೆ, ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ, ಒತ್ತಬಾರದು, ಒತ್ತುತ್ತಲೂ ಇಲ್ಲ, ಆದರೂ ಭುಜ ಸೇದುತ್ತದೆ, ಎದುರಿನ ಬೆಂಚಿನಲ್ಲಿ ತಂಗಮ್ಮ ಕೂತಿದ್ದಾಳೆ, ಸ್ಟುಡಿಯೊ ಬಾಗಿಲು ತೆಗೆಯುವ ಮೊದಲೇ ಬಂದವಳು, ಚಾ ಬೇಡ ಎಂದವಳು, ಸುಕನ್ಯಕ್ಕ, ನಮ್ಮನೆಯವ್ರದ್ದೊಂದು ಫೋಟೊ ಬೇಕು, ಗೋಡೆಗೆ ಹಾಕ್ಲಿಕ್ಕೆ, ಆಧಾರಲ್ಲಿರೋದು ಬರೀ ಮಸಿ, ಅವ್ರ ಥರಾನೇ ಇಲ್ಲ, ಮೊನ್ನೆ ನೀವು ತೆಗೆದ್ರಲ್ಲ, ಅದನ್ನೇ ಕೊಡಿ. ಕ್ಯಾಮರಾ ಸರಿ ಇಲ್ಲ ತಂಗಮ್ಮ, ಕ್ಲೀನ್ ಮಾಡ್ಬೇಕು ಎಂದುಬಿಟ್ಟಳು ಸುಕನ್ಯಾ, ಬಾಯಿಗೆ ಬಂದ ಅರ್ಧ ಸುಳ್ಳು, ಅದನ್ನು ನಿಜ ಮಾಡಲು ಒಂದು ಗಂಟೆಯಿಂದ ಒರೆಸುತ್ತಿದ್ದಾಳೆ, ಬ್ಯಾಟರಿ ಹೊರಗೆ, ಮೆಮರಿ ಕಾರ್ಡು ಹೊರಗೆ, ಕಾರ್ಡಿನಲ್ಲಿ ತಂಗಮ್ಮನ ಗಂಡ ಗಿಡ್ಡಪ್ಪ.

ನಾಲ್ಕು ದಿನದ ಹಿಂದೆ ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಉಮೇಶನ ಫೋನು, ಬೇಗ ಬನ್ನಿ ಮೇಡಂ, ಗಿಡ್ಡಪ್ಪನ್ನ ಆನೆ ತುಳಿದುಬಿಟ್ಟಿದೆ, ಫಾರೆಸ್ಟ್‌ನವ್ರ ಫೈಲಿಗೆ ಫೋಟೊ ಬೇಕಂತೆ — ಮದುವೆ, ನಾಮಕರಣ ಬಿಟ್ಟರೆ ಬೇರೇನೂ ತೆಗೆಯದವಳು ಹೋದಳು, ಕಾಫಿ ಗಿಡಗಳ ನಡುವೆ ಎದೆಯ ತನಕ ಗೋಣಿಚೀಲ ಹೊದೆಸಿದ್ದರು, ಮುಖಕ್ಕೆ ಗೀರೂ ಇರಲಿಲ್ಲ, ಮಂಜಿಗೆ ಲೆನ್ಸು ಮಸುಕಾಗುತ್ತಿತ್ತು, ಮೂರು ಸಲ ಒರೆಸಿದಳು, ಮೂರು ಸಲ ಒತ್ತಿದಳು, ಆಯ್ತಾ ಮೇಡಂ ಎಂದರು ಯಾರೋ, ಆಯ್ತು, ಮನೆಗೆ ಬಂದು ಬ್ಯಾಗು ಅಟ್ಟದ ಮೇಲಿಟ್ಟಳು. ಪೋಸ್ಟ್‌ಮಾರ್ಟಂ ಮುಗಿಸಿ ಆಸ್ಪತ್ರೆಯಿಂದ ಹೆಣವನ್ನು ಬಟ್ಟೆ ಸುತ್ತಿ ತಂದರಂತೆ, ನೋಡ್ಬೇಡ ತಂಗಮ್ಮ, ನೋಡ್ಬೇಡ ಎಂದು ನಾಲ್ಕು ಹೆಂಗಸರು ಹಿಡಿದುಕೊಂಡರಂತೆ, ನೋಡದೆಯೇ ಹಿಡಿ ಮಣ್ಣು ಹಾಕಿದಳಂತೆ — ಈಗ ಆ ಬೂದು ಎಳೆಯೂ ಹೋಯಿತು, ಗಾಜು ನೀರಿನ ಹಾಗಿದೆ, ಒರೆಸಲು ಏನೂ ಉಳಿದಿಲ್ಲ, ಕೈ ಮಾತ್ರ ಸುತ್ತುತ್ತಿದೆ. ಅಕ್ಕ, ಮುಖ ಇತ್ತಾ? ಬಟ್ಟೆ ನಿಂತಿತು. ಇತ್ತು ತಂಗಮ್ಮ. ಹಂಗಾದ್ರೆ ತೋರ್ಸಿ. ಬೇಡ ಮಾರಾಯ್ತಿ, ಗೋಡೆಗೆ ಹಾಕೋ ಫೋಟೊ ಅಲ್ಲ ಅದು. ರೈಟರು ನೋಡಿದ್ರು, ಫಾರೆಸ್ಟ್‌ನವ್ರು ನೋಡಿದ್ರು, ನೀವೂ ನೋಡಿದ್ರಿ, ಇಪ್ಪತ್ತೆರಡು ವರ್ಷ ಜೊತೆಗೆ ಉಂಡೋಳು ನಾನೊಬ್ಳೇ ನೋಡ್ಲಿಲ್ಲ. ದನಿ ಏರಲಿಲ್ಲ, ಬೈದಿದ್ದರೆ ವಾಸಿಯಿತ್ತು, ಸುಕನ್ಯಾಳಿಗೆ ಸಾಕಾಗಿ ಹೋಯಿತು, ಬ್ಯಾಟರಿ ಹಾಕಿದಳು, ಕಾರ್ಡು ಹಾಕಿದಳು, ಮುಖವಷ್ಟೇ ಕಾಣುವ ಹಾಗೆ ದೊಡ್ಡದು ಮಾಡಿ ಕ್ಯಾಮರಾವನ್ನು ಅವಳ ಮಡಿಲಿಗೆ ಕೊಟ್ಟಳು, ಪಕ್ಕದಲ್ಲೇ ಕೂತಳು. ತಂಗಮ್ಮ ಅಳಲಿಲ್ಲ. ಮಲಗ್ದಂಗೇ ಇದಾರೆ ಎಂದಳು, ಆಮೇಲೆ, ಇಲ್ಲೇನೋ ಕಸ ಅಕ್ಕ ಎಂದಳು, ಬಲಹುಬ್ಬಿನ ಮೇಲೊಂದು ಕಪ್ಪು ಚುಕ್ಕಿ, ಸೆರಗಿನ ತುದಿಯಿಂದ ಸ್ಕ್ರೀನು ಒರೆಸಿದಳು, ಹೋಗಲಿಲ್ಲ, ಕಸವಲ್ಲ ಅದು, ಇರುವೆ, ಲೆನ್ಸನ್ನು ಮೂರು ಸಲ ಒರೆಸಿದ ಕೈ ಅವತ್ತು ಅದನ್ನು ಕೊಡವಲು ಅಷ್ಟು ದೂರ ಚಾಚಲಿಲ್ಲ, ಹೇಳಬೇಕು, ಹೇಗೆ ಹೇಳುವುದು, ತಂಗಮ್ಮ ಬಾಯಿಯ ಹಬೆ ಊದಿ ಮತ್ತೆ ಒರೆಸುತ್ತಾಳೆ, ಹುಬ್ಬಿನ ಮೇಲೆ, ಮೆಲ್ಲಗೆ, ಎಚ್ಚರವಾಗದ ಹಾಗೆ, ಮತ್ತೆ ಹುಬ್ಬಿನ ಮೇಲೆ